ಮಕ್ಕಳ ಚೆಸ್ ಪಂದ್ಯ: ನಾಲ್ಕನೆಯ ನಡೆಗೆ ಅಣಿಗೊಳಿಸುವುದು ಹೇಗೆ?

ವಿಜಯಪುರದ ಶಾಲಾ ಮಟ್ಟದ ಪಂದ್ಯಗಳಲ್ಲಿ, ಗಡಿಯಾರದಲ್ಲಿ ಬೇಕಾದಷ್ಟು ಸಮಯ ಉಳಿದಿರುವಾಗಲೇ ಸೋತು ಹೊರಬರುವ ಮಕ್ಕಳನ್ನು ಮೇಲಿಂದ ಮೇಲೆ ಕಂಡಿದ್ದೇನೆ. ಅವರಲ್ಲಿ ಅನೇಕರು ಎಡವುವುದು ಆಟದ ಮೊದಲ ನಡೆಗಳ ಸಾಲಾದ ‘ಇಟಾಲಿಯನ್’ ಎಂಬ ಓಪನಿಂಗ್‌ನಲ್ಲಿ.

ಬಲಗೈ ಮೂಲೆಗೆ ಬಿಳಿ ಮನೆ ಬರುವಂತೆ ಬೋರ್ಡ್ ಇಡಿ. ಬಿಳಿಯವರ ಎಡದಿಂದ ಬಲಕ್ಕೆ ಎಯಿಂದ ಎಚ್‌ವರೆಗೆ ಕಂಬಸಾಲುಗಳು, ಅವರ ಕಡೆಯಿಂದ ಮುಂದಕ್ಕೆ 1ರಿಂದ 8ರವರೆಗೆ ಮನೆಗಳು; ಇ4 ಎಂದರೆ ಇ ಸಾಲಿನ ನಾಲ್ಕನೆಯ ಮನೆ. ಬಿಳಿಯವರು ಕಾಲಾಳನ್ನು ಇ4ಕ್ಕೆ, ಕುದುರೆಯನ್ನು ಎಫ್3ಕ್ಕೆ, ಒಂಟೆಯನ್ನು ಸಿ4ಕ್ಕೆ ತರುತ್ತಾರೆ. ಕಪ್ಪಿನವರು ಕಾಲಾಳನ್ನು ಇ5ಕ್ಕೆ, ಕುದುರೆಗಳನ್ನು ಸಿ6 ಮತ್ತು ಎಫ್6ಕ್ಕೆ ತರುತ್ತಾರೆ. ಇದು ಒಂದು ಸಂಜೆಯ ಕಲಿಕೆ.

ತೊಡಕು ಶುರುವಾಗುವುದು ನಾಲ್ಕನೆಯ ನಡೆಯಲ್ಲಿ ಬಿಳಿಯ ಕುದುರೆ ಜಿ5ಕ್ಕೆ ಜಿಗಿದಾಗ. ಅದೂ ಒಂಟೆಯೂ ಕೂಡಿ ಎಫ್7ರ ಕಾಲಾಳಿನ ಮೇಲೆ ಕಣ್ಣಿಟ್ಟಿರುತ್ತವೆ, ಕಾಯಲು ರಾಜನೊಬ್ಬನೇ. ಒಂಟೆಯ ದಾರಿ ಕಟ್ಟಲು ಕಪ್ಪಿನವರು ಡಿ5ಕ್ಕೆ ಕಾಲಾಳನ್ನು ದೂಡುವುದು ಸರಿ, ಬಿಳಿಯ ಕಾಲಾಳು ಅದನ್ನು ಹೊಡೆಯುವುದೂ ಸಹಜ. ‘ಹೊಡೆದವನನ್ನು ತಿರುಗಿ ಹೊಡೆ’ ಎಂದು ಕಲಿತ ಮಗುವಿನ ಕೈ ಆಗ ತಡೆಯದೆ ಎಫ್6ರ ಕುದುರೆಗೆ ಹೋಗುತ್ತದೆ. ಒಬ್ಬ ಹುಡುಗ ಹಾಗೆ ಹೊಡೆದು, ಗಡಿಯಾರವನ್ನು ಧಪ್ಪನೆ ಒತ್ತಿ, ಕಿಟಕಿಯಾಚೆ ನಿಂತಿದ್ದ ತಂದೆಯತ್ತ ನೋಡಿ ನಕ್ಕ. ಎದುರಾಳಿಯ ಕುದುರೆ ಎಫ್7ರಲ್ಲಿ ಬಲಿಯಾಗಿ ರಾಜನನ್ನು ಹೊರಗೆಳೆಯಿತು, ರಾಣಿ ಎಫ್3ರಿಂದ ಚೆಕ್ (ರಾಜನಿಗೆ ನೇರ ಬೆದರಿಕೆ) ಕೊಟ್ಟಳು, ಡಿ5ರ ಕುದುರೆಯನ್ನು ಉಳಿಸಿಕೊಳ್ಳಲು ರಾಜ ಇ6ಕ್ಕೆ, ನಡುಬಯಲಿಗೆ, ಬಂದು ನಿಲ್ಲಬೇಕಾಯಿತು. ಹುಡುಗನ ತುಟಿ ನಡುಗುತ್ತಿತ್ತು.

ಅಲ್ಲಿ ಹೊಡೆಯದೆ, ಸಿ6ರ ಕುದುರೆಯನ್ನು ಎ5ಕ್ಕೆ ಇಟ್ಟು ಒಂಟೆಯನ್ನು ಕೆಣಕಬೇಕು. ಒಂಟೆ ಬಿ5ರಿಂದ ಚೆಕ್ ಕೊಟ್ಟರೆ ಸಿ6ಕ್ಕೆ ಕಾಲಾಳನ್ನು ಅಡ್ಡ ಇಡಬೇಕು. ಒಂದು ಕಾಲಾಳು ಹೋಗುತ್ತದೆ ನಿಜ, ಆದರೆ ಬಿಳಿಯ ಒಂಟೆ, ಕುದುರೆಗಳು ಹಿಂದೆ ಸರಿಯುವಷ್ಟರಲ್ಲಿ ಕಪ್ಪಿನ ಕಾಯಿಗಳು ಹೊರಬಂದಿರುತ್ತವೆ.

ಹತ್ತು ವರ್ಷದೊಳಗಿನ ಮಕ್ಕಳಿಗೆ ಈ ಹೊರೆಯೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅವರು ಮೂರನೆಯ ನಡೆಯಲ್ಲಿ ಎಫ್6ಕ್ಕೆ ಕುದುರೆಯ ಬದಲು ಸಿ5ಕ್ಕೆ ಒಂಟೆಯನ್ನು ತರಲಿ. ಆಗ ಜಿ5ಕ್ಕೆ ಬಂದ ಕುದುರೆಯನ್ನು ರಾಣಿ ಪುಕ್ಕಟೆಯಾಗಿ ಹೊಡೆಯುತ್ತಾಳೆ, ಏಕೆಂದರೆ ಅವಳ ಓರೆದಾರಿಗೆ ಎಫ್6ರಲ್ಲಿ ಅಡ್ಡ ಯಾರೂ ಇರುವುದಿಲ್ಲ.

ಅಭ್ಯಾಸಕ್ಕೆ ಮೊಬೈಲ್ ಬೇಡ. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬ ಶಿಸ್ತು ಅದರಲ್ಲಿ ಬರುವುದಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಕೊಂಡ ಅಂಗೈಯಗಲದ ಮ್ಯಾಗ್ನೆಟ್ ಬೋರ್ಡೂ ಬೇಡ, ಅದರಲ್ಲಿ ಒಂಟೆ ಯಾವುದು, ಕಾಲಾಳು ಯಾವುದು ಎಂದು ನನಗೇ ತಿಳಿಯದು. ಸುಮಾರು 9.5 ಸೆಂಟಿಮೀಟರ್ ಎತ್ತರದ ರಾಜನಿರುವ ಸೆಟ್ಟನ್ನೇ ಕೊಳ್ಳಿ. ಕ್ಯಾಸ್ಲಿಂಗ್ (ಒಂದೇ ನಡೆಯಲ್ಲಿ ರಾಜನನ್ನೂ ಆನೆಯನ್ನೂ ಸರಿಸುವುದು) ಮಾಡುವಾಗ ಮೊದಲು ರಾಜನನ್ನೇ ಎತ್ತುವುದನ್ನು ರೂಢಿಸಿ, ಆನೆಯನ್ನು ಮೊದಲು ಮುಟ್ಟಿದರೆ ಆ ನಡೆಯಲ್ಲಿ ಆ ಬದಿಗೆ ಕ್ಯಾಸ್ಲಿಂಗ್ ದಕ್ಕದು. ಕಾಯಿ ನಡೆಸಿದ ಕೈಯಿಂದಲೇ ಗಡಿಯಾರ ಒತ್ತಿ, ಆಮೇಲೆ ನಡೆಯನ್ನು ಬರೆಯಬೇಕು.