ಅಕ್ಕೋರು, ಮಾಸ್ತರು ಮತ್ತು ಶನಿವಾರದ ಅವಲಕ್ಕಿ

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರು ಅಕ್ಕೋರು, ಗಂಡಸರು ಮಾಸ್ತರು. ನಾನು ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹಿನ್ನೀರಿನ ಬದಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಅಕ್ಕೋರು. ಕೆಲಸಕ್ಕೆ ಸೇರಿ 19 ವರ್ಷವಾಯಿತು. ಅಷ್ಟರಲ್ಲಿ ಎಷ್ಟು ತರಬೇತಿಗೆ ಹೋಗಿಬಂದೆ ಅಂತ ಲೆಕ್ಕ ಇಟ್ಟವಳಲ್ಲ. ಎಲ್ಲದರಲ್ಲೂ ನೆನಪಿರುವುದು ಒಂದೇ ಚಿತ್ರ: ಬಿಆರ್‌ಸಿ (ಶಿಕ್ಷಕರಿಗೆ ತರಬೇತಿ ಕೊಡುವ ತಾಲೂಕಿನ ಸಂಪನ್ಮೂಲ ಕೇಂದ್ರ) ಸಭಾಂಗಣ, ಒಂದು ಪ್ಯಾಡು, ಒಂದು ಪೆನ್ನು, ಮುಂದೆ ಒಬ್ಬರು ಮಾತಾಡುತ್ತಿದ್ದಾರೆ, ಹಿಂದೆ ಅರವತ್ತು ಜನ ಚಹಾ ಯಾವಾಗ ಬರುತ್ತದೆ ಅಂತ ಬಾಗಿಲು ನೋಡುತ್ತಿದ್ದೇವೆ. ಕೊನೆಗೆ ‘ಏನಾದರೂ ಸಂದೇಹ ಇದೆಯೇ?’ ಅಂತ ಕೇಳುತ್ತಾರೆ. ಯಾರೂ ಕೈ ಎತ್ತುವುದಿಲ್ಲ. ಅರವತ್ತು ಜನರ ಎದುರು ‘ನನಗೆ ಇದು ಬರೋದಿಲ್ಲ’ ಅನ್ನಲು ಯಾರಿಗೆ ಹುಚ್ಚು?

ತರಬೇತಿ ಬೇಡ ಅಂತಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಯ ವೃತ್ತಿ ಬೆಳವಣಿಗೆಯ ಅವಕಾಶ ಇರಬೇಕು ಅನ್ನುತ್ತದೆ. ಇರಲಿ, ಒಳ್ಳೆಯದೇ. ಆದರೆ ನನ್ನ ಪಾಠ ಕೆಟ್ಟದ್ದು ಎಲ್ಲಿ ಅಂತ ಹೇಳಿಕೊಳ್ಳಲು ನನಗೆ ಬೇಕಿದ್ದದ್ದು ಸಭಾಂಗಣವಲ್ಲ, ನಾಲ್ಕೈದು ಜನ ಮತ್ತು ಮುಚ್ಚಿದ ಒಂದು ಬಾಗಿಲು. ಅದು ತಿಳಿದದ್ದು ತಡವಾಗಿ.

2022ರ ಮಳೆ ಮುಗಿದ ಮೇಲೆ ಶುರುವಾಯಿತು. ಕೋವಿಡ್ ರಜೆಯಲ್ಲಿ ಮಕ್ಕಳು ಮರೆತದ್ದನ್ನು ಮತ್ತೆ ಕಲಿಸಲು ಸರ್ಕಾರ ‘ಕಲಿಕಾ ಚೇತರಿಕೆ’ ತಂದಿದ್ದ ವರ್ಷ ಅದು. ನನ್ನ ಐದನೇ ತರಗತಿಯ ಮಕ್ಕಳಿಗೆ ಕಳೆಯುವ ಲೆಕ್ಕ ಬರುತ್ತಿರಲಿಲ್ಲ. ಒಂದು ಶನಿವಾರ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಊರಿನ ಅಕ್ಕೋರು ಸಿಕ್ಕರು. ನಾನು ಗೊಣಗಿದೆ, ಅವರೂ ಗೊಣಗಿದರು. ಬಸ್ಸು ಬರಲಿಲ್ಲ, ಗೊಣಗಾಟ ಮುಕ್ಕಾಲು ಗಂಟೆ ಎಳೆಯಿತು. ‘ಬರುವ ಶನಿವಾರ ಆ ಪಟ್ಟಿ ತೆಕ್ಕೊಂಡು ನಮ್ಮ ಶಾಲೆಗೇ ಬನ್ನಿ ಅಕ್ಕೋರೆ, ಇಬ್ರೂ ಕೂತು ನೋಡುವಾ’ ಅಂದರು. ಪಟ್ಟಿ ಅಂದರೆ ನೋಟ್‌ಬುಕ್ಕು.

ಶನಿವಾರ ಬೆಳಗಿನ ಶಾಲೆ, ಹನ್ನೊಂದೂವರೆಗೆ ಬಿಡುತ್ತದೆ. ಆಮೇಲಿನ ಹೊತ್ತಿಗೆ ಓಓಡಿ (ಬೇರೆ ಕಡೆ ಕರ್ತವ್ಯಕ್ಕೆ ಹೋಗುವ ಅನುಮತಿ) ಬೇಡ, ರಜೆ ಬೇಡ, ಯಾರ ಸಹಿಯೂ ಬೇಡ. ಇಬ್ಬರು ನಾಲ್ವರಾದೆವು, ನಾಲ್ವರು ಆರಾದೆವು. ಅಂಕೋಲಾ ಗಡಿಯ ಕಡೆಯಿಂದ ಒಬ್ಬರು, ತದಡಿಯಿಂದ ದೋಣಿಯಲ್ಲಿ ಹೊಳೆ ದಾಟಿ ಬರುವ ಒಬ್ಬರು, ಘಟ್ಟದ ಬುಡದ ಏಕೋಪಾಧ್ಯಾಯ ಶಾಲೆಯ ಒಬ್ಬ ಮಾಸ್ತರು, ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಹಿರಿಯ ಅಕ್ಕೋರು. ತಿಂಗಳ ಮೂರನೇ ಶನಿವಾರ, ಹನ್ನೆರಡೂವರೆಯಿಂದ ಎರಡು. ಸರದಿಯ ಮೇಲೆ ಒಬ್ಬರು ಒಗ್ಗರಣೆ ಅವಲಕ್ಕಿ ತರಬೇಕು. ಈ ಅವಲಕ್ಕಿಯ ನಿಯಮ ಒಂದು ಮಾತ್ರ ಮೊದಲ ದಿನದಿಂದ ಇವತ್ತಿನವರೆಗೆ ಬದಲಾಗಿಲ್ಲ.

ಆ ಕಳೆಯುವ ಲೆಕ್ಕದ ಕಥೆ ಹೇಳಿಬಿಡುತ್ತೇನೆ. ಹನ್ನೆರಡು ಮಕ್ಕಳ ಪಟ್ಟಿ ಮೇಜಿನ ಮೇಲೆ ಹರಡಿದೆ. 42ರಲ್ಲಿ 17 ಕಳೆಯಿರಿ. ಏಳು ಮಕ್ಕಳು ಬರೆದದ್ದು 35. ನಾನು ಎಲ್ಲದಕ್ಕೂ ಕೆಂಪು ಅಡ್ಡಗೆರೆ ಹಾಕಿ ‘ಗಮನ ಕೊಡು’ ಅಂತ ಬರೆದಿದ್ದೆ. ಹಿರಿಯ ಅಕ್ಕೋರು ಕನ್ನಡಕ ಏರಿಸಿ, ‘ಏಳೂ ಮಕ್ಕಳು ಒಂದೇ ಉತ್ತರ ತಪ್ಪು ಬರೀಲಿಕ್ಕೆ ಅವು ಗಮನ ಕೊಡ್ಲಿಲ್ಲ ಅಂದ್ರೆ ಹೆಂಗೆ? ಗಮನ ಕೊಟ್ಟೇ ಬರ್ದಿದ್ದಾವೆ’ ಅಂದರು. ನೋಡಿದರೆ ಹೌದು. ಎರಡರಲ್ಲಿ ಏಳು ಹೋಗುವುದಿಲ್ಲ, ಹಾಗಾಗಿ ಏಳರಲ್ಲಿ ಎರಡು ಕಳೆದಿದ್ದಾರೆ, ಐದು. ನಾಲ್ಕರಲ್ಲಿ ಒಂದು ಹೋದರೆ ಮೂರು. ಸೋಮವಾರ ಒಬ್ಬ ಹುಡುಗಿಯನ್ನು ಕೂರಿಸಿಕೊಂಡು ಹೇಗೆ ಮಾಡಿದೆ ಅಂತ ಕೇಳಿದೆ. ‘ದೊಡ್ಡದ್ರಲ್ಲಿ ಸಣ್ಣದು ಕಳೀಬೇಕು ಅಂತ ನೀವೇ ಹೇಳಿದ್ರಲ್ರಾ ಅಕ್ಕೋರೆ!’

ನಾನೇ ಹೇಳಿದ್ದೆ. ಸಣ್ಣ ತರಗತಿಯಲ್ಲಿ, ಒಂದಂಕಿಯ ಲೆಕ್ಕ ಕಲಿಸುವಾಗ.

ಅದೇ ಹುಡುಗಿಯ ತಾಯಿ ಮೀನು ಮಾರುವವಳು. ‘ನಲವತ್ತೆರಡು ರೂಪಾಯಿ ಇದೆ, ಹದಿನೇಳರ ಮೀನು ಕೊಂಡೆ, ಎಷ್ಟು ಉಳೀತು?’ ಅಂದರೆ ಕಣ್ಣು ಮಿಟುಕಿಸುವುದರೊಳಗೆ ‘ಇಪ್ಪತ್ತೈದು’. ಬಾಯಲ್ಲಿ ಬರುವ ಲೆಕ್ಕ ಪಟ್ಟಿಯಲ್ಲಿ ಬರುವುದಿಲ್ಲ. ಮುಂದಿನ ಸಭೆಯಲ್ಲಿ ಆರೂ ಜನ ಕೂತು ಆ ಎರಡರ ನಡುವೆ ಸೇತುವೆ ಹಾಕುವ ಒಂದು ಪಾಠ ತಯಾರು ಮಾಡಿದೆವು: ಹಿಡಿಕಡ್ಡಿ ಹತ್ತತ್ತರ ಕಟ್ಟು, ನಾಲ್ಕು ಕಟ್ಟು ಎರಡು ಬಿಡಿ. ಹದಿನೇಳು ಕೊಡಬೇಕಾದರೆ ಒಂದು ಕಟ್ಟು ಬಿಚ್ಚಲೇಬೇಕು, ಹತ್ತರ ನೋಟು ಚಿಲ್ಲರೆ ಮಾಡಿಸಿದ ಹಾಗೆ. ಇದರಲ್ಲಿ ಹೊಸದೇನೂ ಇಲ್ಲ, ಡಿ.ಎಡ್.ನಲ್ಲಿ ಎಲ್ಲರೂ ಓದಿದ್ದೇ. ಆದರೆ ‘ಬಿಚ್ಚು’ ಅನ್ನುವ ಶಬ್ದ ಯಾವಾಗ ಹೇಳಬೇಕು, ಕಡ್ಡಿಯಿಂದ ಅಂಕಿಗೆ ಯಾವ ಕ್ಷಣದಲ್ಲಿ ದಾಟಬೇಕು ಅನ್ನುವ ಚರ್ಚೆಗೇ ಒಂದು ಗಂಟೆ ಹೋಯಿತು. ಇಬ್ಬರು ಆ ಪಾಠ ತಮ್ಮ ಶಾಲೆಯಲ್ಲಿ ಮಾಡಿ ಎಲ್ಲಿ ಕೆಟ್ಟಿತು ಅಂತ ಬಂದು ಹೇಳಿದರು, ಮತ್ತೆ ತಿದ್ದಿದೆವು. ಜಪಾನಿನ ಶಿಕ್ಷಕರು ನೂರಕ್ಕೂ ಹೆಚ್ಚು ವರ್ಷದಿಂದ ಹೀಗೆ ಒಂದೇ ಪಾಠವನ್ನು ಗುಂಪಾಗಿ ಕೂತು ಕಟ್ಟುತ್ತಾರೆ, ಒಬ್ಬರು ಕಲಿಸುವಾಗ ಉಳಿದವರು ಮಕ್ಕಳನ್ನು ಗಮನಿಸುತ್ತಾರೆ ಅಂತ ಆಮೇಲೆ ಓದಿದೆ. ಅಷ್ಟು ದೂರ ಯಾಕೆ, ಸಣ್ಣ ತರಗತಿಯ ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವ ನಮ್ಮ ನಲಿ-ಕಲಿಯೂ 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆ ನೋಡಿ ಬಂದು, ತಾವೇ ಗುಂಪಾಗಿ ಕೂತು ಕಾರ್ಡು ಬರೆದು ಶುರು ಮಾಡಿದ್ದು. ನಾನು ಅದನ್ನೂ ಬೆಂಗಳೂರಿಂದ ಇಳಿದು ಬಂದ ಸುತ್ತೋಲೆ ಅಂತಲೇ ಅಂದುಕೊಂಡಿದ್ದೆ.

ಇನ್ನು ನಾನು ಮಾಡಿದ ತಪ್ಪು.

ಗುಂಪು ಕರೆದವಳು ನಾನೇ ಅನ್ನುವ ಹಮ್ಮು ಎಲ್ಲೋ ಇತ್ತು. ಹಾಜರಿ ಪುಸ್ತಕ ಇಟ್ಟೆ, ನಡಾವಳಿ ಬರೆದೆ, ವಾಟ್ಸ್‌ಆ್ಯಪ್ ಗುಂಪು ಮಾಡಿದೆ (ಹದಿನೈದೇ ದಿನದಲ್ಲಿ ಅದರಲ್ಲಿ ಗುಲಾಬಿ ಹೂವಿನ ಶುಭೋದಯ ಬಿಟ್ಟು ಬೇರೇನೂ ಉಳಿಯಲಿಲ್ಲ). ಯಾರು ಏನು ಹೇಳಿದರೂ ಮೊದಲು ಸಲಹೆ ಕೊಡುತ್ತಿದ್ದವಳು ನಾನೇ. ಸುಮ್ಮನೆ ಇನ್ನೊಂದು ತರಬೇತಿ, ಚಹಾದ ಬದಲು ಅವಲಕ್ಕಿ, ಅಷ್ಟೇ.

2023ರಲ್ಲಿ ಒಂದು ದಿನ ಏಕೋಪಾಧ್ಯಾಯ ಶಾಲೆಯ ಮಾಸ್ತರು ಬಾಯಿ ಬಿಟ್ಟರು. ನಮ್ಮ ರಾಜ್ಯದಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಅವರು ಕಲಿತದ್ದು ಅದಕ್ಕೂ ಹಿಂದೆ, ಐದನೇ ತರಗತಿಯಿಂದ. ‘ಪದ್ಯ ಓದಿ ಹೇಳುವಾಗ ನಂಗೆ ಉಚ್ಚಾರ ಸರಿಯೋ ತಪ್ಪೋ ಗೊತ್ತಾಗೂದಿಲ್ಲ. ಮೊಬೈಲಿನಲ್ಲಿ ಹಾಕಿ ಬಿಡ್ತೆ, ನಾನು ಹೊರಗೆ ಬಂದು ಬಿಸಿಯೂಟದ ಅಕ್ಕಿ ತೂಗ್ತಾ ನಿಲ್ತೆ’ ಅಂದರು. ಕೋಣೆಯಲ್ಲಿ ಯಾರೂ ನಗಲಿಲ್ಲ. ಹತ್ತಾರು ವರ್ಷದ ಸರ್ವಿಸ್ಸಿನ ಮನುಷ್ಯ ಅದನ್ನು ಹೇಳಿದ್ದೇ ದೊಡ್ಡದು.

ಅದರ ಮರುವಾರ ಒಬ್ಬ ಮೇಲಿನವರ ಹತ್ತಿರ ನಮ್ಮ ಗುಂಪಿನ ಬಗ್ಗೆ ಹೆಮ್ಮೆಯಿಂದ ಹೇಳುತ್ತ, ‘ನೋಡಿ, ಎಷ್ಟು ಮುಕ್ತವಾಗಿ ಮಾತಾಡ್ತಾರೆ’ ಅಂತ ಮಾಸ್ತರ ಮಾತನ್ನೂ ಹೇಳಿಬಿಟ್ಟೆ. ಅವರು ಕೆಟ್ಟವರಲ್ಲ. ಮುಂದಿನ ಸಮಾಲೋಚನಾ ಸಭೆಯಲ್ಲಿ, ನಲವತ್ತು ಜನರ ಎದುರು, ಒಳ್ಳೆಯ ಮನಸ್ಸಿನಿಂದಲೇ ಮಾಸ್ತರ ಕಡೆ ಕೈ ತೋರಿಸಿ ‘ಇವರಂಥವರಿಗೆ ಇಂಗ್ಲಿಷ್ ತರಬೇತಿ ಹಾಕಬೇಕು’ ಅಂದರು. ಮಾಸ್ತರು ತಲೆ ಎತ್ತಲಿಲ್ಲ. ಆ ಶನಿವಾರ ಬರಲಿಲ್ಲ, ಮುಂದಿನದಕ್ಕೂ ಇಲ್ಲ. ಫೋನು ಮಾಡಿದರೆ ‘ಬಿಸಿಯೂಟದ ಲೆಕ್ಕ ಉಂಟು ಅಕ್ಕೋರೆ’ ಅನ್ನುತ್ತಿದ್ದರು. ಐದು ತಿಂಗಳು ಹೀಗೆ.

ಕೊನೆಗೆ ಒಂದು ದಿನ ಅರ್ಧ ರಜೆ ಹಾಕಿ ಅವರ ಶಾಲೆಗೇ ಹೋದೆ. ಬಸ್ಸು ಇಳಿದು ಅಡಿಕೆ ತೋಟದ ನಡುವೆ ಎರಡು ಕಿಲೋಮೀಟರ್ ನಡೆಯಬೇಕು. ಹದಿನಾಲ್ಕು ಮಕ್ಕಳು, ಐದು ತರಗತಿ, ಒಬ್ಬರೇ ಮಾಸ್ತರು. ಅವರು ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ನಾನು ‘ತಪ್ಪಾಯ್ತು’ ಅಂದೆ, ಅದಕ್ಕೆ ಏನೂ ಹೇಳಲಿಲ್ಲ. ಹೊರಡುವಾಗ ಗೇಟಿನ ತನಕ ಬಂದು ‘ನಡಾವಳಿ ಪುಸ್ತಕ ಇನ್ನೂ ಬರೀತ್ರಾ?’ ಅಂತ ಕೇಳಿದರು. ಆ ರಾತ್ರಿ ಪುಸ್ತಕ ಒಲೆಗೆ ಹೋಯಿತು. ‘ಶನಿವಾರದ ಮೀಟಿಂಗು ಮುಗೀತಾ ಹಾಗಾದ್ರೆ?’ ಅಂತ ನಮ್ಮ ಮನೆಯವರು ಆಸೆಯಿಂದ ಕೇಳಿದರು.

ಮುಗಿಯಲಿಲ್ಲ, ಆದರೆ ನಡೆಸುವ ರೀತಿ ಬದಲಾಯಿತು. ಇಲ್ಲಿ ಹೇಳಿದ್ದು ಇಲ್ಲಿಯೇ, ಹೊಗಳಲಿಕ್ಕೂ ಹೊರಗೆ ಒಯ್ಯಬಾರದು. (ಈಗ ಇಲ್ಲಿ ಬರೆಯುತ್ತಿರುವುದನ್ನು ಮಾಸ್ತರಿಗೆ ಓದಿ ಹೇಳಿ, ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಎರಡು ವಾಕ್ಯ ಅವರೇ ತೆಗೆಸಿದರು.) ನಡೆಸುವವರು ಪ್ರತಿ ತಿಂಗಳೂ ಬದಲು. ಒಬ್ಬರು ತಮ್ಮ ಒಂದು ತೊಡಕನ್ನು ಹತ್ತು ನಿಮಿಷ ಹೇಳಬೇಕು, ಸಾಧ್ಯವಾದರೆ ಮಕ್ಕಳ ಬರಹವೋ ದನಿಮುದ್ರಣವೋ ಜೊತೆಗಿರಬೇಕು. ಆಮೇಲೆ ಹತ್ತು ನಿಮಿಷ ಬರೀ ಪ್ರಶ್ನೆ. ಇದೇ ಕಷ್ಟದ್ದು. ಯಾಕೆಂದರೆ ನಮ್ಮ ಪ್ರಶ್ನೆಗಳೆಲ್ಲ ವೇಷ ಹಾಕಿದ ಸಲಹೆಗಳು. ‘ಚಟುವಟಿಕೆ ಮಾಡ್ಸಿ ನೋಡಿದ್ರಾ?’ ಅನ್ನುವುದು ಪ್ರಶ್ನೆಯಲ್ಲ. ‘ಆ ಹುಡುಗ ಆಗ ಎಲ್ಲಿ ಕೂತಿದ್ದ?’ ಅನ್ನುವುದು ಪ್ರಶ್ನೆ. ಸಲಹೆಯ ವಾಸನೆ ಬಂದರೆ ಯಾರಾದರೂ ಮೇಜು ಕುಟ್ಟುತ್ತಾರೆ. ಅತಿ ಹೆಚ್ಚು ಸಲ ಮೇಜು ಕುಟ್ಟಿಸಿಕೊಂಡದ್ದು ನಾನು. ಅದಾದ ಮೇಲೆ ಹೇಳಿದವರು ಸುಮ್ಮನಿದ್ದು ಕೇಳುತ್ತಾರೆ, ಉಳಿದವರು ಅವರು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ತಮ್ಮತಮ್ಮಲ್ಲೇ ಮಾತಾಡುತ್ತಾರೆ. ಕೊನೆಗೆ ಅವರು ಮುಂದಿನ ತಿಂಗಳು ಏನು ಮಾಡಿ ನೋಡುತ್ತೇನೆ ಅಂತ ಒಂದು ಮಾತು ಹೇಳಿದರೆ ಆಯಿತು.

ನನ್ನ ಸರದಿ ಬಂದಾಗ ಮೊಬೈಲನ್ನು ಚಾಕ್‌ಪೀಸ್ ಡಬ್ಬಿಗೆ ಒರಗಿಸಿ ಇಪ್ಪತ್ತು ನಿಮಿಷದ ಪಾಠದ ದನಿ ಹಿಡಿದು ತಂದೆ. ಕೇಳಿಸಿದರೆ ನಾಚಿಕೆ. ‘ಅರ್ಥ ಆಯ್ತಾ?’ ಅಂತ 23 ಸಲ ಕೇಳಿದ್ದೇನೆ, 23 ಸಲವೂ ಮಕ್ಕಳು ರಾಗವಾಗಿ ‘ಆಯ್ತೂ ಅಕ್ಕೋರೇ’. ನಿಜವಾದ ಪ್ರಶ್ನೆ ಕೇಳಿದಲ್ಲೆಲ್ಲ ಉತ್ತರಕ್ಕೆ ಕಾಯದೆ ನಾನೇ ಹೇಳಿಬಿಟ್ಟಿದ್ದೇನೆ. ಅಮೆರಿಕದ ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ಇದನ್ನೇ ಅಳೆದಿದ್ದರಂತೆ: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಓದಿದರೆ ಸುಲಭ. ತರಗತಿಯಲ್ಲಿ ಮೂರು ಸೆಕೆಂಡು ಸುಮ್ಮನಿರುವುದು ಅಂದರೆ ನನಗೆ ಮೂರು ತಾಸು. ಈಗ ಸೆರಗಿನ ತುದಿಯನ್ನು ಬೆರಳಿಗೆ ಮೂರು ಸುತ್ತು ಸುತ್ತಿ ಬಿಚ್ಚುತ್ತೇನೆ, ಅಷ್ಟರಲ್ಲಿ ಯಾರಾದರೂ ಏನಾದರೂ ಹೇಳುತ್ತಾರೆ.

ಒಬ್ಬರೇ ಇದ್ದರೆ ಕಾಣದ ವಿಷಯವೂ ಗುಂಪಿನಲ್ಲಿ ಕಾಣುತ್ತದೆ. ಹೊಳೆಯಾಚೆಯ ಅಕ್ಕೋರು ಒಮ್ಮೆ ಕೆಲವು ಮಕ್ಕಳ ಗೈರುಹಾಜರಿಯ ದೂರು ತಂದರು. ನಾನೂ ನನ್ನ ಹಾಜರಿ ಪುಸ್ತಕ ತೆರೆದೆ. ಎರಡು ದಡದ ಎರಡು ಶಾಲೆ, ಗೈರಿನ ಗುರುತುಗಳು ಒಂದೇ ದಿನಗಳಲ್ಲಿ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಮೂರ್ನಾಲ್ಕು ದಿನ. ಆಗ ಹೊಳೆಯ ನೀರು ಚೆನ್ನಾಗಿ ಇಳಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತ ಆ ದಿನಗಳಲ್ಲಿ ಸರಿಯಾಗಿ ಬೆಳಗಿನ ಶಾಲೆಯ ಹೊತ್ತಿಗೆ ಬರುತ್ತದೆ. ಮಕ್ಕಳು ಅಪ್ಪ-ಅಮ್ಮನ ಸಂಗಡ ಬೆಳಚು (ಹೊಳೆಯ ಚಿಪ್ಪಿಮೀನು) ಆರಿಸಲು ಹೋಗಿರುತ್ತಾರೆ. ಇಬ್ಬರೂ ಇಷ್ಟು ವರ್ಷ ‘ಸೋಮಾರಿ ಮಕ್ಕಳು’ ಅಂದುಕೊಂಡಿದ್ದೆವು. ಈಗ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಪೆನ್ಸಿಲ್ ಗುರುತು ಹಾಕಿ ಹೊಸ ಪಾಠ ಆಗ ಶುರು ಮಾಡುವುದಿಲ್ಲ, ಮನೆಯವರ ಜೊತೆ ಮಾತಾಡಲಿಕ್ಕೂ ಆ ದಿನಗಳನ್ನು ಬಿಟ್ಟು ಹೋಗುತ್ತೇವೆ. ಗೈರುಹಾಜರಿ ನಿಂತಿತು ಅಂತ ಸುಳ್ಳು ಹೇಳಲಾರೆ. ಕಡಿಮೆಯಾಗಿದೆ.

ಎಲ್ಲ ಸಭೆಯೂ ಪಾಠದ್ದೇ ಅಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆ ತಿಂಗಳು ಸೇರಲಾಗಲಿಲ್ಲ, ಫೋನಿನಲ್ಲಿ ಆರು ಜನ ಮಾತಾಡಲು ಹೋಗಿ ‘ಹಲೋ ಹಲೋ’ಗಳಲ್ಲೇ ಮುಗಿಯಿತು. ಮರುತಿಂಗಳು ಸೇರಿದಾಗ ಅಂಕೋಲಾ ಕಡೆಯ ಅಕ್ಕೋರು ಬರೀ ಕೂತಿದ್ದರು. ಮಳೆ ಜೋರಾದರೆ ತರಗತಿಯ ಮಕ್ಕಳು ಕಿಟಕಿಯಿಂದ ಗುಡ್ಡ ನೋಡುತ್ತಾರೆ, ತಾನೂ ನೋಡುತ್ತೇನೆ, ಆಮೇಲೆ ಎಲ್ಲಿ ಪಾಠ ನಿಲ್ಲಿಸಿದ್ದೆ ಅಂತ ಮರೆತುಹೋಗುತ್ತದೆ ಅಂದರು. ಅವತ್ತು ಯಾರೂ ಪ್ರಶ್ನೆ ಕೇಳಲಿಲ್ಲ. ಹಿರಿಯ ಅಕ್ಕೋರು ಅವರ ತಟ್ಟೆಗೆ ಇನ್ನೊಂದು ಸೌಟು ಅವಲಕ್ಕಿ ಬಡಿಸಿದರು.

ಮಾಸ್ತರು ಮರಳಿ ಬಂದದ್ದು ಯಾವಾಗ ಅಂತ ಕೇಳಬಹುದು. ನಾನು ಹೋಗಿಬಂದ ಎರಡನೇ ತಿಂಗಳು, ಏನೂ ಆಗಿಲ್ಲ ಅನ್ನುವ ಹಾಗೆ ಬಂದು ಕೊನೆಯ ಕುರ್ಚಿಯಲ್ಲಿ ಕೂತರು. ಇಂಗ್ಲಿಷ್ ಚೆನ್ನಾಗಿದ್ದ ತದಡಿಯ ಅಕ್ಕೋರು ಸಭೆ ಮುಗಿದ ಮೇಲೆ ಹತ್ತು ನಿಮಿಷ ಅವರ ಜೊತೆ ಪದ್ಯ ಓದತೊಡಗಿದರು. ಬದಲಿಗೆ ಐದು ತರಗತಿಯನ್ನು ಒಂದೇ ಕೋಣೆಯಲ್ಲಿ ಸಂಭಾಳಿಸುವ ವಿದ್ಯೆಯನ್ನು ಮಾಸ್ತರಿಂದ ಕಲಿತರು. ಅದು ನಮ್ಮಲ್ಲಿ ಯಾರಿಗೂ ಅವರಷ್ಟು ಬರುವುದಿಲ್ಲ.

ಇದನ್ನು ತಾಲೂಕಿಗೆಲ್ಲ ಮಾಡಿ, ಆದೇಶ ಹೊರಡಿಸೋಣ ಅಂದವರೂ ಇದ್ದಾರೆ. ಕೈ ಮುಗಿದೆವು. ಎಂಟು ದಾಟಿದರೆ ಇಬ್ಬರು ಮಾತಾಡುತ್ತಾರೆ, ಆರು ಜನ ಮೊಬೈಲು ನೋಡುತ್ತಾರೆ. ಯಾರಾದರೂ ಕೇಳಿದರೆ ನಿಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಜೊತೆ ಗೊಣಗುವವರು ಯಾರು ನೋಡಿ, ಅವರಿಂದಲೇ ಶುರು ಮಾಡಿ ಅನ್ನುತ್ತೇವೆ.

ಕಳೆದ ವರ್ಗಾವಣೆ ಕೌನ್ಸೆಲಿಂಗಿನಲ್ಲಿ ತದಡಿಯ ಅಕ್ಕೋರು ಶಿರಸಿಗೆ ಹೋದರು, ಹಿರಿಯ ಅಕ್ಕೋರು ನಿವೃತ್ತರಾದರು. ಈಗ ನಾಲ್ಕೇ ಜನ. ಹೊಸದಾಗಿ ಬಂದ ಒಬ್ಬ ಜಿಪಿಟಿ (ಪದವೀಧರ ಪ್ರಾಥಮಿಕ) ಶಿಕ್ಷಕಿಯನ್ನು ಕರೆದಿದ್ದೇವೆ. ‘ನಾನು ಎಂತ ತರಬೇಕು ಅಕ್ಕೋರೆ?’ ಅಂತ ಕೇಳಿದಳು. ಕೆಟ್ಟುಹೋದ ಒಂದು ಪಾಠ ತಾ, ಅವಲಕ್ಕಿಯ ಸರದಿ ಈ ಸಲ ಮಾಸ್ತರದ್ದು ಅಂದೆ.