ಹಳೆಯ ತ್ಸುಬದ ಮೇಲಿನ ಸಹಿ ಓದುವುದು ಹೇಗೆ?

ಜಪಾನಿ ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ ಲೋಹದ ತಟ್ಟೆಯೇ ತ್ಸುಬ. ಕೈಗೆ ಬಂದ ಕೂಡಲೇ ಉಜ್ಜಬೇಡಿ, ಪಾಲಿಶ್ ಅಂತೂ ಬೇಡವೇ ಬೇಡ, ಕಬ್ಬಿಣದ ಆ ಹಳೆಯ ಕಪ್ಪು ಬಣ್ಣ ಹೋದರೆ ಬೆಲೆಯೂ ಹೋಯಿತು. ಮಾಡಿದವನ ಸಹಿ ಇದ್ದರೆ ಸಾಮಾನ್ಯವಾಗಿ ನಡುವಿನ ದೊಡ್ಡ ತೂತಿನ ಅಕ್ಕಪಕ್ಕ ಇರುತ್ತದೆ. ಓರೆಯಾಗಿ ಬೆಳಕು ಬಿಟ್ಟು ಫೋಟೋ ತೆಗೆಯಿರಿ. ಮೇಲಿನಿಂದ ಕೆಳಗೆ ಓದಿ, ಬಲಗಡೆ ಮೊದಲು. ಎಷ್ಟೋ ಸಲ ಅಲ್ಲಿ ಊರು, ಎಡಗಡೆ ಹೆಸರು. ‘ಚೋಶೂ ಹಾಗಿ ಜೂ’ ಅಂತಿದ್ದರೆ ಚೋಶೂ ಪ್ರಾಂತ್ಯದ ಹಾಗಿ ಊರಿನವನು.

ಹೆಸರು ಸಿಕ್ಕಿತು ಅಂತ ಸುಮ್ನೆ ನಂಬಬೇಡಿ. ನೊಬುಯಿಯೆ, ಕನೆಯಿಯೆ ಥರದ ಹೆಸರಾಂತ ತ್ಸುಬ ತಯಾರಕರ ಹೆಸರಲ್ಲಿ ಸುಳ್ಳು ಸಹಿ ಜಾಸ್ತಿ. ಮೊದಲು ಲೋಹ, ಅಂಚು, ಕೆತ್ತನೆ ನೋಡಿ ಯಾವ ಶೈಲಿ ಅಂತ ಗುರುತಿಸಿ, ಆಮೇಲೆ ಉಳಿಯ ಒಂದೊಂದು ಗೀರನ್ನೂ ಅಸಲಿ ಸಹಿಯ ಜೊತೆ ಹೋಲಿಸಿ. ಸಹಿಯೇ ಇಲ್ಲದ ಅದ್ಭುತ ತ್ಸುಬಗಳೂ ಬೇಕಾದಷ್ಟಿವೆ.