ಕಲ್ಲಾದ ಪುಟ್ಟಿ ತೆಗೆಯುವುದು ಹೇಗೆ? ಮರದ ಕಿಟಕಿಗೆ ಗಾಜು ಬದಲಿಸುವವರಿಗೆ

ಮರದ ಕಿಟಕಿಯ ಒಡೆದ ಗಾಜು ಬದಲಿಸುವಾಗ ಹೊಸ ಗಾಜು ಕೂರಿಸುವ ಕೆಲಸ ಬೇಗ ಮುಗಿಯುತ್ತದೆ. ಹೊತ್ತು ಹೋಗುವುದು ಹಳೆಯ ಪುಟ್ಟಿ ಕೀಳುವುದಕ್ಕೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ, ಮೈಸೂರಿನ ಹಳೆಯ ಬಡಾವಣೆಗಳಲ್ಲಿ, ಕರಾವಳಿಯ ಹೆಂಚಿನ ಮನೆಗಳಲ್ಲಿ ಇನ್ನೂ ಉಳಿದಿರುವ ತೇಗ, ಹಲಸಿನ ಕಿಟಕಿಗಳಲ್ಲಿ ಎಷ್ಟೋ ಕಡೆ ಗಾಜನ್ನು ಹಿಡಿದಿರುವುದು ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಕಲಸಿ ಮಾಡಿದ ಪುಟ್ಟಿ. ದಶಕಗಳ ಬಿಸಿಲಿಗೆ ಅದು ಕಲ್ಲಾಗಿರುತ್ತದೆ. ಅವಸರಕ್ಕೆ ಉಳಿ ಇಟ್ಟು ಹೊಡೆದರೆ ಪುಟ್ಟಿಯ ಜೊತೆ ಮರದ ಅಂಚೂ ಹಾರಿಹೋಗುತ್ತದೆ. ಗಾಜು ಯಾವ ಅಂಗಡಿಯಲ್ಲೂ ಸಿಗುತ್ತದೆ. ಗಾಜು ಕೂರುವ ಕಚ್ಚು ಸೀಳಿತೋ, ಕಿಟಕಿಯ ಆ ರೆಕ್ಕೆಯನ್ನೇ (ತೆರೆದು ಮುಚ್ಚುವ ಬಾಗಿಲನ್ನೇ) ಬಿಚ್ಚಿ ಹೊಸ ಮರ ಸೇರಿಸಬೇಕು. ಅಂಥ ಕೆಲಸ ಬಲ್ಲ ಬಡಗಿಗಳೂ ಈಗ ಕಡಿಮೆ. ಹಾಗಾಗಿ ಇಲ್ಲಿ ಹೇಳುವ ಪ್ರತಿ ಹೆಜ್ಜೆಯೂ ಮೊದಲು ನೋಡುವುದು ಮರ ಉಳಿಯುತ್ತದೆಯೇ ಎಂಬುದನ್ನು.

ಪುಟ್ಟಿ ಗಟ್ಟಿಯಾಗುವ ಬಗೆ ಗೊತ್ತಿದ್ದರೆ ಅರ್ಧ ಶ್ರಮ ಉಳಿಯುತ್ತದೆ. ಅಗಸೆ ಎಣ್ಣೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಅದರ ಅಣುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆದ್ದರಿಂದ ನೀರು, ಸೀಮೆಎಣ್ಣೆ, ಟರ್ಪೆಂಟೈನ್ ಸವರಿ ರಾತ್ರಿಯಿಡೀ ಬಿಟ್ಟರೂ ಹಳೆಯ ಪುಟ್ಟಿ ಮೆತ್ತಗಾಗದು. ಅದು ಮಣಿಯುವುದು ಶಾಖಕ್ಕೆ, ಅಥವಾ ಎಣ್ಣೆಯನ್ನು ಸಾಬೂನಾಗಿಸುವ ಕ್ಷಾರಕ್ಕೆ.

ಮೊದಲು ಪರೀಕ್ಷೆ

ಕಿಟಕಿಯಲ್ಲಿರುವುದು ನಿಜಕ್ಕೂ ಎಣ್ಣೆ ಪುಟ್ಟಿಯೇ ಎಂದು ನೋಡಿಕೊಳ್ಳಿ. ಹಳೆಯ ಸ್ಕ್ರೂಡ್ರೈವರ್ ತುದಿಯನ್ನು ಗ್ಯಾಸ್ ಒಲೆಯಲ್ಲಿ ಕಾಯಿಸಿ ಪುಟ್ಟಿಗೆ ಒತ್ತಿ. ಎಣ್ಣೆಯ ವಾಸನೆ ಬಂದು ತುದಿ ಒಳಗಿಳಿದರೆ ಅದು ಅಗಸೆ ಎಣ್ಣೆಯದು. ಏನೂ ಆಗದೆ ಬಿಳಿ ಪುಡಿ ಉದುರಿದರೆ ಯಾರೋ ಗೋಡೆಗೆ ಹಚ್ಚುವ ಬಿಳಿ ಸಿಮೆಂಟಿನ ಪುಟ್ಟಿಯನ್ನೇ ಮೆತ್ತಿದ್ದಾರೆ. ಇದಕ್ಕೆ ಶಾಖ ತಾಗದು, ಆದರೆ ಮರಕ್ಕೆ ಗಟ್ಟಿಯಾಗಿ ಅಂಟಿಕೊಂಡೂ ಇರುವುದಿಲ್ಲ. ಸಣ್ಣ ಏಟಿಗೇ ಕಳಚುತ್ತದೆ. ಸಿಲಿಕೋನ್ ಆಗಿದ್ದರೆ ಬ್ಲೇಡಿನಿಂದ ಕೊಯ್ದು ತೆಗೆಯಬೇಕು. ಕೆಲವು ಕಿಟಕಿಗಳಲ್ಲಿ ಹೊರಗೆ ಕಾಣುವುದು ಪುಟ್ಟಿಯಲ್ಲ, ಬಣ್ಣ ತುಂಬಿಕೊಂಡ ಮರದ ಬೀಡಿಂಗ್, ಅಂದರೆ ಗಾಜನ್ನು ಹಿಡಿಯುವ ತೆಳು ಪಟ್ಟಿ. ಮೂಲೆಯಲ್ಲಿ ಕೂಡುಗೆರೆ ಕಂಡರೆ ಬೀಡಿಂಗ್ ಎಂದೇ ತಿಳಿಯಿರಿ. ಅದನ್ನು ಒಡೆಯದೆ, ಉದ್ದದ ನಡುಭಾಗದಿಂದ ಮೆಲ್ಲಗೆ ಎಬ್ಬಿಸಿ.

ಇನ್ನೊಂದು ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪದರಗಳಲ್ಲಿ ಸೀಸ ಇದ್ದೇ ಇದೆ ಎಂದುಕೊಂಡು ಕೆಲಸ ಮಾಡುವುದು ಕ್ಷೇಮ. ಸೀಸದ ಧೂಳು ಮಕ್ಕಳ ಮಿದುಳಿಗೆ ಮಾಡುವ ಹಾನಿ ಸರಿಹೋಗುವಂಥದ್ದಲ್ಲ. ಒಣ ಬಣ್ಣವನ್ನು ಉಜ್ಜಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿಕೊಂಡೇ ಕೆರೆಯಿರಿ. ಎನ್95 ಮಾಸ್ಕ್ ಹಾಕಿಕೊಳ್ಳಿ. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಕೊನೆಗೆ ಪೊರಕೆ ಮುಟ್ಟದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಬಟ್ಟೆಬರೆಯನ್ನು ಬೇರೆಯಾಗಿ ಒಗೆಯಿರಿ. ಮಕ್ಕಳು, ಗರ್ಭಿಣಿಯರು ಆ ದಿನ ಹತ್ತಿರ ಸುಳಿಯದಿರಲಿ.

ಬೇಕಾಗುವ ಸಾಮಾನು

ಅರ್ಧ ಇಂಚಿನ ಹಳೆಯ ಉಳಿ ಒಂದು (ಒಳ್ಳೆಯ ಉಳಿ ಬೇಡ, ಪುಟ್ಟಿಯೊಳಗಿನ ಮೊಳೆ ಅದರ ಬಾಯಿ ತೆಗೆಯುತ್ತದೆ), ಮರದ ಕೊಡತಿ, ಗಟ್ಟಿ ಪುಟ್ಟಿ ಬ್ಲೇಡು, ಹ್ಯಾಕ್ಸಾ ಬ್ಲೇಡಿನ ತುಂಡು, ಮೊಂಡು ಮೂತಿಯ ಇಕ್ಕಳ, ಶಾಖ ಹೆಚ್ಚುಕಡಿಮೆ ಮಾಡಬಹುದಾದ ಹೀಟ್ ಗನ್ (ಬಿಸಿಗಾಳಿ ಊದುವ ಸಾಧನ), ದಪ್ಪ ಚರ್ಮದ ಕೈಗವಸು, ಕಣ್ಣಿಗೆ ಗಾಗಲ್. ತಲೆಗೂದಲು ಒಣಗಿಸುವ ಡ್ರೈಯರ್ ಹಳೆಯ ಪುಟ್ಟಿಗೆ ಸಾಲದು.

ಸಾಧ್ಯವಾದರೆ ರೆಕ್ಕೆಯನ್ನು ಚೌಕಟ್ಟಿನಿಂದ ಬಿಚ್ಚಿ ಮೇಜಿನ ಮೇಲೆ ಮಲಗಿಸಿಕೊಳ್ಳಿ. ನಿಂತ ಕಿಟಕಿಯಲ್ಲಿ, ಅದರಲ್ಲೂ ಮಹಡಿಯಲ್ಲಿ, ಕೊಡತಿಯ ಏಟು ನೇರ ಬೀಳುವುದಿಲ್ಲ. ಹಿಂಜಿನ ಸ್ಕ್ರೂಗಳ ತಲೆಯ ಸೀಳಿನಲ್ಲಿ ಬಣ್ಣ ತುಂಬಿರುತ್ತದೆ. ಅದನ್ನು ಚೂಪು ಮೊಳೆಯಿಂದ ಕೆರೆದು, ಸ್ಕ್ರೂಡ್ರೈವರ್ ಇಟ್ಟು ಹಿಂಬದಿಗೆ ಎರಡು ಏಟು ಕೊಟ್ಟ ಮೇಲೆ ತಿರುಗಿಸಿ. ಹೊರಮುಖ ಮೇಲೆ ಬರುವಂತೆ ರೆಕ್ಕೆಯನ್ನು ಹಳೆಯ ಕಂಬಳಿಯ ಮೇಲಿಡಿ.

ಮೊದಲು ಗಾಜು, ಆಮೇಲೆ ಪುಟ್ಟಿ

ಹೇಗೂ ಒಡೆದ ಗಾಜಾದರೆ ಮೊದಲೇ ತೆಗೆದುಬಿಡಿ. ಎರಡೂ ಮುಖಕ್ಕೆ ಅಗಲ ಟೇಪನ್ನು ಅಡ್ಡಡ್ಡ ಅಂಟಿಸಿ, ಗೋಣಿಚೀಲ ಮುಚ್ಚಿ, ನಡುವೆ ಸುತ್ತಿಗೆಯಿಂದ ತಟ್ಟಿ. ಚೂರುಗಳನ್ನು ಇಕ್ಕಳದಲ್ಲಿ ಹಿಡಿದು ಅಲುಗಿಸುತ್ತ ಗಾಜಿನ ನಡುಭಾಗದ ಕಡೆಗೆ ಎಳೆಯಿರಿ. ಬಾರದ ಚೂರನ್ನು ಬಲವಂತ ಮಾಡಬೇಡಿ, ಪುಟ್ಟಿಯ ಜೊತೆ ಅದೂ ಬರುತ್ತದೆ. ಗಾಜಿನ ಚೂರನ್ನೆಲ್ಲ ನಾಲ್ಕೈದು ಪದರ ಪತ್ರಿಕೆಯಲ್ಲಿ ಸುತ್ತಿ ರಟ್ಟಿನ ಡಬ್ಬಿಗೆ ಹಾಕಿ, ಮೇಲೆ ‘ಒಡೆದ ಗಾಜು’ ಎಂದು ದಪ್ಪಕ್ಷರದಲ್ಲಿ ಬರೆದು ಪೌರಕಾರ್ಮಿಕರ ಕೈಗೇ ಕೊಡಿ. ಕಸದ ಚೀಲದಲ್ಲಿ ಮರೆಯಾದ ಒಂದು ಚೂರು ಅವರ ಅಂಗೈ ಸೀಳುತ್ತದೆ.

ಗಾಜು ಹೋದ ಮೇಲೆ ಕಚ್ಚನ್ನು ಹತ್ತಿರದಿಂದ ನೋಡಿ. ಹೊರಗಡೆ ಮುಕ್ಕೋನವಾಗಿ ನಿಂತ ಪುಟ್ಟಿ, ಒಳಗಡೆ ತೆಳುವಾಗಿ ಹಾಸಿದ ಪುಟ್ಟಿ, ಇವೆರಡರ ನಡುವೆ ಗಾಜು ಕೂತಿದ್ದ ಮೂರ್ನಾಲ್ಕು ಮಿಲಿಮೀಟರ್ ಸಂದು. ಇಡೀ ಕೆಲಸದ ಕೀಲಿ ಈ ಸಂದಿನಲ್ಲಿದೆ. ಹೊರಗಿನ ಪುಟ್ಟಿ ಮರಕ್ಕೆ ಅಂಟಿಕೊಂಡಿರುವುದು ಈಗ ಒಂದೇ ಬದಿಯಲ್ಲಿ, ಕಚ್ಚಿನ ಗೋಡೆಗೆ.

ಹ್ಯಾಕ್ಸಾ ಬ್ಲೇಡಿನಿಂದ ಪುಟ್ಟಿಗೆ ಎರಡೆರಡು ಇಂಚಿಗೆ ಅಡ್ಡಗೆರೆ ಕೊಯ್ಯಿರಿ. ಮರ ಮುಟ್ಟುವುದಕ್ಕೆ ಒಂದು ಮಿಲಿಮೀಟರ್ ಮುಂಚೆಯೇ ನಿಲ್ಲಿಸಿ. ಆಮೇಲೆ ಉಳಿಯ ಚಪ್ಪಟೆ ಬೆನ್ನನ್ನು ಕಚ್ಚಿನ ಗೋಡೆಗೆ ಒರಗಿಸಿ, ಪುಟ್ಟಿಗೂ ಮರಕ್ಕೂ ನಡುವಿನ ಗೆರೆಯಲ್ಲಿಟ್ಟು ಕೊಡತಿಯಿಂದ ಹಗುರವಾಗಿ ತಟ್ಟಿ. ಇಳಿಜಾರಿನ ಮುಖ ಪುಟ್ಟಿಯ ಕಡೆಗಿರಬೇಕು. ತಿರುಗಿಸಿ ಹಿಡಿದರೆ ಉಳಿ ಮರದೊಳಕ್ಕೇ ಕಚ್ಚಿಕೊಂಡು ಹೋಗುತ್ತದೆ. ಬೆರಳುದ್ದದ ತುಂಡುಗಳು ಟಕ್ಕೆಂದು ಬಿಡುತ್ತವೆ. ಸಂದಿಗೆ ಉಳಿ ತೂರಿಸಿ ಹೊರಮುಖವಾಗಿ ಎಬ್ಬಿಸಲೂಬಹುದು. ಆದರೆ ಉಳಿಯ ಬೆನ್ನು ಮರಕ್ಕೆ ಒತ್ತದಂತೆ ತೆಳು ರೀಪರ್ (ಮರದ ಪಟ್ಟಿ) ತುಂಡು ಕೊಡಿ. ಎರಡು ಗಾಜುಗಳ ನಡುವಿನ ಸಣ್ಣ ಪಟ್ಟಿಗಳ ಮೇಲೆ ಮಾತ್ರ ಹೀಗೆ ಎಬ್ಬಿಸಲೇಬೇಡಿ. ಅವು ಮುರಿಯುವುದೇ ಇಲ್ಲಿ.

ಉಳಿ ‘ಕಿಣ್’ ಎಂದರೆ ಅಲ್ಲಿ ಮೊಳೆಯಿದೆ. ಗಾಜನ್ನು ಹಿಡಿಯಲು ಹೊಡೆದ ತಲೆಯಿಲ್ಲದ ಸಣ್ಣ ಮೊಳೆಗಳು ಸಾಮಾನ್ಯವಾಗಿ ಅರ್ಧ ಅಡಿಗೊಂದರಂತೆ ಇರುತ್ತವೆ. ಸುತ್ತಲಿನ ಪುಟ್ಟಿ ಬಿಡಿಸಿ ಇಕ್ಕಳದಲ್ಲಿ ನೇರ ಎಳೆಯಿರಿ. ಅಡ್ಡ ಬಗ್ಗಿಸಿದರೆ ತುಕ್ಕು ಹಿಡಿದ ಮೊಳೆ ಒಳಗೇ ತುಂಡಾಗುತ್ತದೆ. ಮರ ಕೊರೆಯುವ ರೌಟರ್ ಯಂತ್ರ ಇಂಥ ಕೆಲಸಕ್ಕೆ ತಕ್ಕದ್ದಲ್ಲ ಎನ್ನುವುದಕ್ಕೂ ಕಾರಣ ಈ ಮೊಳೆಗಳೇ.

ಮಳೆನೀರು ನಿಲ್ಲುವ ಕೆಳಪಟ್ಟಿಯಲ್ಲಿ ಪುಟ್ಟಿ ಬಹುಪಾಲು ತಾನೇ ಬಿರುಕುಬಿಟ್ಟಿರುತ್ತದೆ, ಕೈಗೆ ಬರುತ್ತದೆ. ಸಜ್ಜೆಯ ನೆರಳಿನಲ್ಲಿದ್ದ ಮೇಲ್ಪಟ್ಟಿಯದೇ ಹಟ. ನಾಲ್ಕಾರು ಏಟಿಗೂ ಜಗ್ಗದ ಜಾಗದಲ್ಲಿ ಏಟು ಜೋರು ಮಾಡಬೇಡಿ, ಶಾಖಕ್ಕೆ ಹೋಗಿ.

ಶಾಖ ಕೊಡುವ ಕ್ರಮ

ಹೀಟ್ ಗನ್ನನ್ನು 250ರಿಂದ 300 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ಮೂತಿಯನ್ನು ಎರಡು ಇಂಚು ದೂರ ಹಿಡಿದು, ಒಂದು ಗೇಣುದ್ದದಲ್ಲಿ ಅತ್ತಿಂದಿತ್ತ ಆಡಿಸುತ್ತಿರಿ. ಒಂದೇ ಕಡೆ ನಿಲ್ಲಿಸಬಾರದು. ಬಣ್ಣ ಗುಳ್ಳೆ ಎದ್ದು, ಎಣ್ಣೆಯ ವಾಸನೆ ಬಂದಾಗ ಬ್ಲೇಡಿನ ತುದಿ ಒತ್ತಿ ನೋಡಿ. ಒಳಗಿಳಿದರೆ ತಕ್ಷಣ ಎಬ್ಬಿಸಿ. ಆರಿದರೆ ಮತ್ತೆ ಗಟ್ಟಿ. ಹೊಗೆ ಬಂತೆಂದರೆ ಶಾಖ ಅತಿಯಾಯಿತು, ಮರವೂ ಕರಟುತ್ತಿದೆ. ಗನ್ನನ್ನು ಗರಿಷ್ಠಕ್ಕೆ ಏರಿಸಿ ಬೇಗ ಮುಗಿಸೋಣ ಎಂಬ ಆಸೆ ಬೇಡ: 500 ಡಿಗ್ರಿ ದಾಟಿದಂತೆ ಹಳೆಯ ಬಣ್ಣದ ಸೀಸ ಹೊಗೆಯಾಗಿ ಏಳುವ ಅಪಾಯವಿದೆ, ಆ ಹೊಗೆಯನ್ನು ಧೂಳಿನ ಮಾಸ್ಕ್ ತಡೆಯದು. ಬ್ಲೋಲ್ಯಾಂಪಿನ ಬೆಂಕಿ ಇದೇ ಕಾರಣಕ್ಕೆ ವರ್ಜ್ಯ.

ಪಕ್ಕದ ಗಾಜು ಚೆನ್ನಾಗಿದ್ದು ಅದನ್ನು ಉಳಿಸಬೇಕಾದರೆ, ತೆಳು ಪ್ಲೈವುಡ್ ತುಂಡಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ ಅದರ ಮೇಲಿಡಿ. ಗಾಜು ಒಡೆಯುವುದು ಬರೀ ಬಿಸಿಗಲ್ಲ. ಬಿಸಿಯಾದ ಅಂಚಿಗೂ ತಣ್ಣಗಿರುವ ನಡುಭಾಗಕ್ಕೂ ಸುಮಾರು 40 ಡಿಗ್ರಿ ಅಂತರ ಬಂದರೆ ಸಾದಾ ಗಾಜು ಅಂಚಿನಿಂದ ಸೀಳುತ್ತದೆ. ಸ್ವಲ್ಪ ಅಲೆಯಲೆಯಾಗಿ ಕಾಣುವ ಹಳೆಯ ಗಾಜಾದರೆ ಇನ್ನೂ ಜೋಪಾನ. 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿ ಪ್ರಕಟಿಸಿದ ಫ್ಲೋಟ್ ವಿಧಾನ (ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಮತಟ್ಟಾಗಿಸುವುದು) ಬಳಕೆಗೆ ಬಂದ ಮೇಲೆ ಅಂಥ ಗಾಜು ಅಂಗಡಿಯಿಂದ ಮರೆಯಾಗುತ್ತ ಹೋಯಿತು.

ನಡುವಿನ ಸಣ್ಣ ಪಟ್ಟಿಗಳಿಗೆ ಹೀಟ್ ಗನ್ನಿಗಿಂತ ಅಗಲ ತುದಿಯ ಸೋಲ್ಡರಿಂಗ್ ಐರನ್ ವಾಸಿ. ಶಾಖ ಪುಟ್ಟಿಯ ಮೇಲಷ್ಟೇ ಬೀಳುತ್ತದೆ. ನಿಧಾನ, ಆದರೆ ಗಾಜೂ ಮರವೂ ಸುರಕ್ಷಿತ. ಗೆದ್ದಲು ತಿಂದು ಟೊಳ್ಳಾದ ಮರಕ್ಕೆ ಶಾಖ ಕೊಡಲೇಬಾರದು. ಒಳಗಿನ ಪುಡಿಗೆ ಕಿಡಿ ತಗುಲಿದರೆ ಹೊರಗೆ ಕಾಣದೆ ಹೊಗೆಯಾಡುತ್ತಿರುತ್ತದೆ. ಗಟ್ಟಿ ಮರವಾದರೂ ಪಕ್ಕದಲ್ಲೊಂದು ಬಕೆಟ್ ನೀರಿರಲಿ, ಕೆಲಸ ಮುಗಿದು ಅರ್ಧ ಗಂಟೆ ಅಲ್ಲೇ ಇರಿ.

ಹಬೆ ಕೊಡುವ ವಿಧಾನವೂ ಇದೆ. ನೂರು ಡಿಗ್ರಿಯಲ್ಲಿ ಸೀಸದ ಹೊಗೆಯ ಭಯವಿಲ್ಲ, ಒಂದು ತಾಸಿನ ಹಬೆಗೆ ಪುಟ್ಟಿ ಚೆನ್ನಾಗಿ ಮೆತ್ತಗಾಗುತ್ತದೆ. ಆದರೆ ಮರವಜ್ರದ (ಬಡಗಿಗಳು ಬಳಸುವ ಪ್ರಾಣಿಜನ್ಯ) ಅಂಟು ಹಾಕಿದ ಕೂಡುಗಳು ಸಡಿಲವಾಗುತ್ತವೆ. ಬಿದಿರು ಮೊಳೆ ಹೊಡೆದ ಕೂಡುಗಳಿಗೆ ತೊಂದರೆಯಿಲ್ಲ. ಕಾಸ್ಟಿಕ್ ಸೋಡಾ ಲೇಪ ಪುಟ್ಟಿಯನ್ನು ಕರಗಿಸುವುದು ನಿಜ, ಆದರೆ ತೇಗವನ್ನು ಕಪ್ಪಾಗಿಸುತ್ತದೆ, ಸರಿಯಾಗಿ ತೊಳೆಯದೆ ಉಳಿದ ಕ್ಷಾರ ಹೊಸ ಬಣ್ಣವನ್ನು ಎಬ್ಬಿಸುತ್ತದೆ. ಪಾಲಿಶ್ ಮಾಡಿದ ಕಿಟಕಿಗೆ ಅದು ಬೇಡವೇ ಬೇಡ.

ಕಚ್ಚು ಶುಚಿ ಮಾಡಿ ಗಾಜು ಕೂರಿಸುವುದು

ಗಾಜಿನ ಕೆಳಗೆ ಹಾಸಿದ್ದ ತೆಳು ಪುಟ್ಟಿಯನ್ನು ಎಷ್ಟೋ ಜನ ಹಾಗೇ ಬಿಡುತ್ತಾರೆ. ಅಕ್ಕಿಕಾಳಿನಷ್ಟು ಹಳೆಯ ಪುಟ್ಟಿ ಉಳಿದರೂ ಹೊಸ ಗಾಜಿನ ಭಾರವೆಲ್ಲ ಆ ಒಂದು ಬಿಂದುವಿನ ಮೇಲೆ ಬಿದ್ದು, ಕೆಲವು ದಿನಗಳಲ್ಲಿ ಯಾರೂ ಮುಟ್ಟದೆಯೇ ಗಾಜು ಸೀಳುತ್ತದೆ. ಬೆರಳಿಗೆ ಕೈಗವಸು ಹಾಕಿಕೊಂಡು ನಾಲ್ಕೂ ಬದಿ ಸವರಿ ನೋಡಿ. ಏರು ಸಿಕ್ಕಲ್ಲಿ ಒದ್ದೆ ಮಾಡಿ 80ನೇ ನಂಬರಿನ ವಾಟರ್ ಪೇಪರಿನಿಂದ ಉಜ್ಜಿ.

ಮರ ಚೆನ್ನಾಗಿ ಒಣಗಿದ ಮೇಲೆ ಕಚ್ಚಿಗೆ ಮರದ ಪ್ರೈಮರ್ ಒಂದು ಕೈ, ಅಥವಾ ಸಮಪಾಲು ಟರ್ಪೆಂಟೈನ್ ಬೆರೆಸಿದ ಅಗಸೆ ಎಣ್ಣೆ ಹಚ್ಚಿ ಒಂದು ದಿನ ಬಿಡಿ. ಬರಿ ಮರ ಹೊಸ ಪುಟ್ಟಿಯ ಎಣ್ಣೆಯನ್ನೆಲ್ಲ ಹೀರಿಬಿಡುತ್ತದೆ, ಪುಟ್ಟಿ ಪುಡಿಯಾಗಿ ಉದುರುತ್ತದೆ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯ ಒಳಗೆ ಆ ಬಿಸಿ ಸೇರಿ ತಾನಾಗಿ ಬೆಂಕಿ ಹತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಬಿಡಿಸಿ ಹರವಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ.

ಗಾಜಿನ ಅಳತೆ ತೆಗೆಯುವುದು ಈಗ, ಮೊದಲಲ್ಲ. ಅಗಲ, ಎತ್ತರಗಳನ್ನು ಮೂರು ಮೂರು ಕಡೆ ಅಳೆದು, ಕಡಿಮೆ ಬಂದದ್ದರಿಂದ 3-4 ಮಿಲಿಮೀಟರ್ ಕಳೆಯಿರಿ. ಮಳೆಗಾಲದಲ್ಲಿ ಮರ ಉಬ್ಬಿದಾಗ ಬಿಗಿ ಗಾಜು ಮೂಲೆಯಲ್ಲಿ ಸೀಳುವುದು ಹೀಗೆ ತಪ್ಪುತ್ತದೆ. ಎರಡೂ ಕರ್ಣಗಳನ್ನು ಅಳೆಯಿರಿ. ಅವು ಸಮ ಬಾರದಿದ್ದರೆ ರೆಕ್ಕೆ ಓರೆಯಾಗಿದೆ, ರಟ್ಟಿನ ನಮೂನೆ ಕತ್ತರಿಸಿ ಅಂಗಡಿಗೆ ಒಯ್ಯಿರಿ.

ಒಂದಡಿಗೆ ಒಂದೂವರೆ ಅಡಿಯ ಗಾಜಿಗೆ 200ರಿಂದ 250 ಗ್ರಾಂ ಪುಟ್ಟಿ ಹಿಡಿಯುತ್ತದೆ. ಮನೆಯಲ್ಲೇ ಕಲಸುವುದಾದರೆ ಜರಡಿ ಹಿಡಿದ ಒಣ ಚಾಕ್ ಪುಡಿ 1 ಕಿಲೋಗೆ ಅಗಸೆ ಎಣ್ಣೆ 175-200 ಮಿಲಿಲೀಟರ್, ಸ್ವಲ್ಪ ಸ್ವಲ್ಪವೇ ಹಾಕಿ ನಾದಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಂದು ರಾತ್ರಿ ಇಡಿ. ಪೆನ್ಸಿಲ್ ದಪ್ಪಕ್ಕೆ ಹೊಸೆದಾಗ ಬಿರಿಯಬಾರದು, ಅಂಗೈಗೆ ಅಂಟಬಾರದು. ಬೇಗ ಗಟ್ಟಿಯಾಗಲಿ ಎಂದು ಪ್ಲಾಸ್ಟರ್ ಆಫ್ ಪ್ಯಾರಿಸ್ ಬೆರೆಸುವ ಅಭ್ಯಾಸವಿದೆ. ಅದು ನೀರು ಹೀರಿ ಬಿರಿಯುತ್ತದೆ.

ಕಚ್ಚಿನ ಹಾಸಿಗೆ 2-3 ಮಿಲಿಮೀಟರ್ ಪುಟ್ಟಿ ಒತ್ತಿ, ಗಾಜಿಟ್ಟು, ಅಂಚುಗಳನ್ನಷ್ಟೇ ಸಮವಾಗಿ ಅದುಮಿ. ನಡುವೆ ಒತ್ತಿದರೆ ಒಡೆಯುತ್ತದೆ. ಆರಾರು ಇಂಚಿಗೆ ಮುಕ್ಕಾಲಿಂಚಿನ ಸಣ್ಣ ಮೊಳೆಗಳನ್ನು ಉಳಿಯ ಬದಿಯಿಂದ, ಗಾಜಿಗೆ ಸಮಾನಾಂತರವಾಗಿ ಜಾರಿಸಿ ಹೊಡೆಯಿರಿ. ಹೊರಗಿನ ಪುಟ್ಟಿಯನ್ನು ಇಳಿಜಾರಾಗಿ ಎಳೆದು, ಒಳಗಿನಿಂದ ಕಾಣುವ ಮರದ ಅಂಚಿಗಿಂತ ಎರಡು ಮಿಲಿಮೀಟರ್ ಕೆಳಗೇ ನಿಲ್ಲಿಸಿ. ಗಾಜಿಗೆ ಮೆತ್ತಿದ ಎಣ್ಣೆಯ ಮೇಲೆ ಚಾಕ್ ಪುಡಿ ಉದುರಿಸಿ ಒಣ ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ.

ಒಂದೆರಡು ವಾರದಲ್ಲಿ ಪುಟ್ಟಿಯ ಮೇಲೆ ಬೆರಳಿಗೆ ಗುರುತು ಬೀಳದಂಥ ಪೊರೆ ಕಟ್ಟುತ್ತದೆ. ಮಲೆನಾಡು, ಕರಾವಳಿಯ ತೇವದಲ್ಲಿ ಇನ್ನೂ ತಡವಾಗುವುದರಿಂದ ಜನವರಿಯಿಂದ ಏಪ್ರಿಲ್ ಒಳಗೆ ಈ ಕೆಲಸ ಹಿಡಿದರೆ ಒಳ್ಳೆಯದು. ಅಲ್ಲಿಯವರೆಗೆ ಕಿಟಕಿಯನ್ನು ದಡಾರನೆ ಹಾಕಬೇಡಿ, ಗಾಜು ತೊಳೆಯಬೇಡಿ. ಪೊರೆ ಕಟ್ಟಿದ ಮೇಲೆ ಎಣ್ಣೆ ಬಣ್ಣ ಎರಡು ಕೈ ಹಚ್ಚಿ, ಬಣ್ಣ ಗಾಜಿನ ಮೇಲೂ ಎರಡು ಮಿಲಿಮೀಟರ್ ಏರಲಿ. ಪುಟ್ಟಿಗೂ ಗಾಜಿಗೂ ನಡುವೆ ಮಳೆನೀರು ಇಳಿಯದಂತೆ ತಡೆಯುವುದು ಆ ಸಣ್ಣ ಗೆರೆಯೇ. ಅಂದ ಕೆಡಿಸುತ್ತದೆಂದು ಅದನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಡಿ.